ಚಕ್ರವರ್ತಿಯ ಕಿವಿ

"ಬುದ್ಧಿ, ಏನಾದ್ರೂ ಕೊಟ್ಟೋರ ಮುಖಕ್ಕೆ ಕೈ ಮುಗಿದೇ ತಗೋಬೇಕಾ?"

ಕೇಳಿದ್ದು ನಾನೇ. ಗುರುಗಳ ಹತ್ರ ಓಡಿ ಬಂದಿದ್ದೆ. ಮಠದ ಬಾಗಿಲಲ್ಲಿ ಎಣ್ಣೆ ಗಿರಣಿ ಧಣಿಯ ಲಾರಿ ನಿಂತಿತ್ತು. ದಾಸೋಹಕ್ಕೆ ಅಂತ ಹೊಸ ಸ್ಟೀಲ್ ತಟ್ಟೆ, ಲಾರಿ ತುಂಬ! ನಮ್ಮ ಹಳೇ ತಟ್ಟೆಗಳೋ, ಸಾರು ಹಾಕಿದ್ರೆ ತೊಡೆ ಮೇಲೆ ಸೋರೋವು. ಬೇಡ ಅನ್ನೋದಾದ್ರೂ ಹೇಗೆ? ಆದ್ರೆ ಒಂದೊಂದು ತಟ್ಟೆ ನಡುವೆಯೂ ಧಣಿ ತಮ್ಮ ಮುಖ ಕೊರೆಸಿದ್ರು, ಪೇಟ ಮೀಸೆ ಸಮೇತ! ಪಂಕ್ತೀಲಿ ಕೂತೋರು ಮೊದಲು ಆ ಮುಖಕ್ಕೆ ಕೈ ಮುಗೀಬೇಕಂತೆ, ಆಮೇಲೆ ಅನ್ನ ಬಡಿಸಬೇಕಂತೆ. ಅದು ಅವರ ಷರತ್ತು. ಡ್ರೈವರು "ಇಳಿಸ್ಲೋ, ತಿರುಗಿಸ್ಲೋ?" ಅಂತ ಹಾರ್ನ್ ಮೇಲೆ ಹಾರ್ನ್ ಹೊಡೀತಿದ್ದ.

ಗುರುಗಳು "ಕೂತ್ಕೋ ಮರಿ" ಅಂದ್ರು. ಹಾರ್ನ್ ಕೇಳಿಸೇ ಇಲ್ಲ ಅನ್ನೋ ಹಾಗೆ ಕತೆ ಶುರು ಮಾಡೇಬಿಟ್ರು.

ಒಬ್ಬ ವರ್ತಕ ಇದ್ದ. ಅವನಿಗೆ ಹಳೇ ಕಾಲದ ರೋಮ್ ಚಕ್ರವರ್ತಿಗಳ ನಾಣ್ಯ ಕೂಡಿಡೋ ಹುಚ್ಚು. ಅಂತಿಂಥ ಹುಚ್ಚಲ್ಲ. ಒಂದು ಬೆಳ್ಳಿ ನಾಣ್ಯಕ್ಕೆ ಜೋಡಿ ಎತ್ತು ಹೋಯ್ತು, ಒಂದು ಚಿನ್ನದ್ದಕ್ಕೆ ಅಂಗಡಿ ಹೋಯ್ತು, ಇನ್ನೊಂದಕ್ಕೆ ಹೆಂಡತಿ ಕೈಯ ಬಳೆ ಹೋಯ್ತು. ಬೀಟೆ ಮರದ ಪೆಟ್ಟಿಗೇಲಿ ಒಬ್ಬೊಬ್ಬ ಚಕ್ರವರ್ತಿಗೂ ಒಂದೊಂದು ಗುಳಿ. ಎಲ್ಲಾ ತುಂಬಿದ್ವು, ಒಂದು ಮಾತ್ರ ಖಾಲಿ. ಆ ಒಬ್ಬ ಸಿಗದೆ ಅವನಿಗೆ ಊಟ ಸೇರ್ತಿರಲಿಲ್ಲ.

ಕಡಲ ದಂಡೇಲಿ ಮೆಣಸು ಬೆಳೆಯೋರ ಒಂದು ಊರು. ಹಿಂದೆ ರೋಮಿನ ಹಡಗು ಅಲ್ಲಿಗೆ ಬಂದು, ಚಿನ್ನ ಕೊಟ್ಟು ಮೆಣಸು ಒಯ್ತಿದ್ವಂತೆ. ಅಲ್ಲೊಬ್ಬ ಹೆಂಗಸಿನ ಕೊರಳಲ್ಲಿ ಅಂಥದೊಂದು ನಾಣ್ಯ ಇದೆ ಅಂತ ಸುದ್ದಿ ಬಂತು. ಹೋದ. ಅವಳ ಮನೇಲಿ ಮಗಳ ಮದುವೆ ಸಡಗರ. ಜಗಲಿ ಮೇಲೆ ಅಕ್ಕಸಾಲಿ ಕೂತು, ಅದೇ ನಾಣ್ಯಾನ ತಾಯಿ ಸರದಿಂದ ಬಿಚ್ಚಿ, ತೂಗಿ, ಮಗಳ ಸರಕ್ಕೆ ಪೋಣಿಸೋಕೆ ಇಟ್ಟಿದ್ದ.

ನೋಡಿದ್ರೆ ಮುಖದ ತುಂಬ ಉಳಿ ಏಟು! ಹಣೆ ಇಲ್ಲ, ಮೂಗಿಲ್ಲ, ಗಲ್ಲ ಇಲ್ಲ. ಉಳಿದಿದ್ದು ಒಂದೇ ಒಂದು ಕಿವಿ. ವರ್ತಕ ಆ ಕಿವಿ ನೋಡೇ ಗುರುತು ಹಿಡಿದ. ಅವನೇ! ಖಾಲಿ ಗುಳಿಯವನೇ!

"ಅಯ್ಯಯ್ಯೋ ತಾಯಿ, ಯಾವ ಪಾಪಿ ಕಡಿದಿದ್ದು? ಮುಖ ನೆಟ್ಟಗಿದ್ದಿದ್ರೆ ಇದನ್ನ ಮಾರಿ ನೀವು ಈ ಊರನ್ನೇ ಕೊಂಡ್ಕೋಬಹುದಿತ್ತು!"

"ಪಾಪಿಗಳಲ್ಲಪ್ಪ, ನಮ್ಮನೆ ಹೆಣ್ಮಕ್ಕಳು" ಅಂದ್ಳು ಅವಳು. "ಕೊಟ್ಟ ಹಡಗಿನೋರು 'ಚಕ್ರವರ್ತಿ ಮುಖ, ಬಗ್ಗಿ ತಗೊಳ್ಳಿ' ಅಂದ್ರಂತೆ. ನಮ್ಮ ಹಿರಿಯಳು ನೆಟ್ಟಗೆ ನಿಂತೇ ತಗೊಂಡು, ಅವರೆದುರಿಗೇ ಉಳಿ ಇಟ್ಟು ಒಂದು ಏಟು ಹಾಕಿದ್ಳಂತೆ. ಅವತ್ತಿಂದ ಇದನ್ನ ಕಟ್ಟಿಕೊಳ್ಳೋ ಮದುಮಗಳದ್ದು ಒಂದೊಂದು ಏಟು. ಮೂಗು ನಂದು. ಕಿವಿ ಇವಳಿಗೆ ಅಂತ ಉಳಿಸಿದ್ದೀವಿ."

ವರ್ತಕ ನಾಣ್ಯಕ್ಕೆ ಕೈ ಅಡ್ಡ ಹಿಡಿದ. "ಬೇಡ, ಬೇಡ! ಕಿವಿ ಒಂದು ಬಿಟ್ಟುಬಿಡಿ! ನನ್ನ ಮನೆ ಬರ್ಕೊಡ್ತೀನಿ!"

ತಾಯಿ ಮಗಳ ಕಡೆ ತಿರುಗಿದ್ಳು. "ಏನೇ, ಮನೆ ಬೇಕಾ ನಿಂಗೆ?"

ಹುಡುಗಿ ಆಗಲೇ ಉಳಿ ಎತ್ತಿಕೊಂಡಿದ್ಳು. "ಯಾರದೋ ಕಿವಿಗೆ ಹೆಂಡ್ತಿ ಮಕ್ಕಳ ಮನೆ ಕೊಡ್ತಾನಂತೆ. ಮೊದಲು ಅವರನ್ನ ಕೇಳ್ಕೊಂಡು ಬರೋಕೆ ಹೇಳಮ್ಮ" ಅಂದ್ಳು. ಟಣ್ ಅಂತ ಹೊಡೆದೇಬಿಟ್ಳು. ಕಿವಿ ಚಪ್ಪಟೆ!

"ಹೋಯ್ತಲ್ಲಮ್ಮ! ಇನ್ನು ಇದು ಯಾರದು ಅಂತ ಯಾರಿಗೂ ಗೊತ್ತಾಗಲ್ಲ!"

"ನಂದು" ಅಂದ್ಳು ಹುಡುಗಿ.

ಅಕ್ಕಸಾಲಿ ನಾಣ್ಯಾನ ಮತ್ತೆ ತಕ್ಕಡೀಲಿಟ್ಟು ತೂಗಿದ. ಗುಲಗಂಜಿಯಷ್ಟೂ ತೂಕ ಕಮ್ಮಿ ಆಗಿರಲಿಲ್ಲ. ಪೋಣಿಸಿ ಹುಡುಗಿ ಕೊರಳಿಗೆ ಕಟ್ಟಿದ್ರು. ವರ್ತಕ ಖಾಲಿ ಗುಳಿ ಇದ್ದ ಪೆಟ್ಟಿಗೆ ಹೊತ್ತುಕೊಂಡು ಮನೆಗೆ ಹೋದ. ಮನೆಯಾದ್ರೂ ಉಳೀತು.

ಗುರುಗಳು ಅಲ್ಲಿಗೆ ನಿಲ್ಲಿಸಿದ್ರು. ಹೊರಗೆ ಮತ್ತೆ ಹಾರ್ನು. ನಾನು ಎದ್ದೇಬಿಟ್ಟೆ. "ಗೊತ್ತಾಯ್ತು ಬುದ್ಧಿ, ಗೊತ್ತಾಯ್ತು! ಒಂದು ತಟ್ಟೇನೂ ಬೇಡ, ಲಾರಿ ತಿರುಗಿಸು ಅಂತ ಹೇಳ್ಬಿಡ್ತೀನಿ!"

"ಎಲ್ಲಾ ಇಳಿಸ್ಕೋ ಮರಿ, ಕೈ ಮುಗಿಯಲ್ಲ ಅಂತ ಧಣಿಗೆ ಹೇಳಿ ಕಳಿಸು, ಹಾಗೇ ಅದೇ ಲಾರೀಲಿ ಹೊಳೆಯಿಂದ ಎರಡು ಮೂಟೆ ಮರಳು ತರಿಸು, ತಟ್ಟೆ ನಡುವೆ ಚೆನ್ನಾಗಿ ಉಜ್ಜೋಕೆ."