ಬಲಿಪೀಠದ ಕೆಳಗಿನ ಮೆಟ್ಟಿಲು

ಮೆಕ್ಸಿಕೋವನ್ನು ಸ್ಪೇನಿನವರು ಆಳುತ್ತಿದ್ದ ಕಾಲ. ಅಲ್ಲಿನ ದೊಡ್ಡ ಚರ್ಚೊಂದಕ್ಕೆ ಮತೇವೊ ಎಂಬ ಬಡಗಿ ಏಳು ವರ್ಷ ಕೂತು, ಜನ ಮಂಡಿಯೂರಿ ಪ್ರಾರ್ಥಿಸುವ, ಸೂರು ಮುಟ್ಟುವಂಥ ಮರದ ಬಲಿಪೀಠ ಕೆತ್ತಿದ.

ಕೆಲಸ ಮುಗಿಯುವ ಹೊತ್ತಿಗೆ ಗವರ್ನರ್ ಬಂದು ಮೀಸೆ ತಿರುವಿದ. "ನನ್ನ ಹೆಸರು ಎಲ್ಲಕ್ಕಿಂತ ಮೇಲಿರಬೇಕು. ತಿಳೀತೇನೋ?"

"ಆಗಲಿ ಬುದ್ಧಿ. ನನ್ನ ಹೆಸರು?"

"ನಿನ್ನದಾ? ಕೆಳಗೆ ಮೆಟ್ಟಿಲಲ್ಲಿ ಬಿದ್ದಿರಲಿ!"

ಹಬ್ಬದ ದಿನ ಚರ್ಚು ತುಂಬಿತ್ತು. ಗವರ್ನರ್ ಕತ್ತೆತ್ತಿ ನೋಡಿದ. ಅರವತ್ತು ಅಡಿ ಮೇಲೆ ಅವನ ಹೆಸರು ಇರುವೆ ಸಾಲಿನ ಹಾಗೆ ಕಂಡಿತು. ಪ್ರಾರ್ಥನೆಗೆಂದು ಮೆಟ್ಟಿಲ ಮುಂದೆ ಮಂಡಿಯೂರಿ ತಲೆ ಬಗ್ಗಿಸಿದ. ಮೂಗಿನ ಮುಂದೆಯೇ ಅಂಗೈಯಗಲದ ಅಕ್ಷರ: 'ಕೆತ್ತಿದವನು ಮತೇವೊ.'

"ಅಳಿಸೋ ಅದನ್ನ!" ಎಂದು ಹಲ್ಲು ಕಡಿದ.

ಪಕ್ಕದಲ್ಲೇ ನಿಂತಿದ್ದ ಮತೇವೊ ಎದೆಯುಬ್ಬಿಸಿ ಹೇಳಿದ: "ನೀವು ತೋರಿಸಿದ ಜಾಗವೇ ಬುದ್ಧಿ. ದೇವರ ಮುಂದೆ ತಲೆ ಬಗ್ಗಿಸದಿದ್ದರಾಯಿತು, ಕಾಣಿಸುವುದಿಲ್ಲ."

ಊರೆಲ್ಲ ನೋಡುತ್ತಿತ್ತು. ಗವರ್ನರ್ ಮತ್ತೆ ತಲೆ ಬಗ್ಗಿಸಿದ.