ಇಳಿಯುವ ಗೆರೆ

ಮಲಪ್ರಭೆಯ ದಂಡೆಯ ಆಶ್ರಮವೊಂದರಲ್ಲಿ ರಾಶಿ ತಾಳೆಗರಿಗಳಿದ್ದವು. ಗೆದ್ದಲು ಹಿಡಿಯುವ ಮೊದಲು ಅವುಗಳ ಫೋಟೋ ತೆಗೆದು ಅಂತರ್ಜಾಲಕ್ಕೆ ಏರಿಸಿದ್ದರು. ಊರೂರಿನ ಜನ ತಂತಮ್ಮ ಮನೆಯಲ್ಲೇ ಕೂತು, ಕಾಸು ಕೇಳದೆ, ಅವನ್ನು ಓದಿ ಟೈಪು ಮಾಡುತ್ತಿದ್ದರು.

ಎಷ್ಟು ಜನ ಬರುತ್ತಾರೆ, ಎಷ್ಟು ಜನ ಬಿಡುತ್ತಾರೆ ಎಂದು ಅಳೆಯುವ ಕೆಲಸವನ್ನು ಶಿಷ್ಯ ಚೆನ್ನಮಲ್ಲ ತಾನಾಗಿಯೇ ಮೈಮೇಲೆ ಎಳೆದುಕೊಂಡಿದ್ದ. ತಿಂಗಳಿಗೊಂದು ನಕ್ಷೆ ಬರೆಯುತ್ತಿದ್ದ. ನಕ್ಷೆಯ ಗೆರೆ ಇಳಿಯುತ್ತಲೇ ಇತ್ತು.

ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದು ಗುರು ಮೌನೇಶಜ್ಜನವರ ಮುಂದೆ ಕೂತ.

“ಅಜ್ಜಾರ, ಹಿಂಗ ನಡೆದರ ಬರೋ ದೀಪಾವಳಿಗೆ ಒಬ್ಬರೂ ಉಳಿಯೂದಿಲ್ಲ. ನಾಳೆ ಈ ಕೆಲಸಕ್ಕ ರೊಕ್ಕ ಕೊಡೋ ಟ್ರಸ್ಟಿನವರು ಬರ್ತಾರ. ಅವರು ಮುಚ್ಚೂಕಿಂತ ಮೊದಲ ನಾವ ಮುಚ್ಚಿಬಿಡೂಣ್ರಿ. ಮರ್ಯಾದಿ ಉಳೀತೈತಿ.”

“ಗರಿ ಇನ್ನೂ ಎಷ್ಟು ಅದಾವ?”

“ಅರ್ಧಕ್ಕಿಂತ ಹೆಚ್ಚು.”

“ಜನ ಯಾಕ ಬಿಟ್ರು?”

“ಬ್ಯಾಸರ ಬಂದಿರಬೇಕ್ರಿ. ಯಾರಿಗೆ ಗೊತ್ತು?”

“ಬಿಟ್ಟವರೊಳಗ ಎಲ್ಲಾರಕಿಂತ ಹೆಚ್ಚು ಗರಿ ಓದಿದಾವ ಯಾರು? ಅವನ್ನ ಕೇಳೂಣು.”

ಚೆನ್ನಮಲ್ಲ ಹೆಸರುಗಳ ಮೇಲೆ ಬೆರಳಾಡಿಸಿದ. ಬೆರಳು ಒಂದು ಕಡೆ ನಿಂತಿತು. ಹೆಸರು ಅವನದೇ. ನಕ್ಷೆ ಬರೆಯಲು ಕೂತ ತಿಂಗಳಿನಿಂದ ಮಹಾಶಯ ಒಂದು ಗರಿಯನ್ನೂ ಮುಟ್ಟಿರಲಿಲ್ಲ.

ಅವನಿಗೆ ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಸಿಟ್ಟೂ ಬಂತು.

“ನಾನೊಬ್ಬ ಕೂತರ ಈ ಗೆರಿ ಮ್ಯಾಲೇಳತೈತೇನ್ರಿ?”

“ಏಳೂದಿಲ್ಲ.”

“ನೀವು ಕೂತರ?”

“ನನ್ನ ಕಣ್ಣಿಗೆ ಪೊರಿ ಬಂದೈತಿ. ದಿನಕ್ಕೊಂದು ಸಾಲು ಆದರ ಹೆಚ್ಚು.”

“ಮತ್ತ ನಾಳೆ ಅವರಿಗೆ ಏನ ಹೇಳಲಿ? ಈ ನಕ್ಷಾ ಖರೇ ಐತ್ರಿ!”

“ಖರೇನ ಐತಿ. ಯಾರು ಇಲ್ಲಂದ್ರು?”

ಅಜ್ಜ ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡರು. ನಕ್ಷೆಯನ್ನು ಸರಿಸಿ ಒಂದು ಗರಿಯ ಚಿತ್ರ ತೆರೆದರು. ಮೂಗು ಪರದೆಗೆ ತಾಗುವಷ್ಟು ಬಾಗಿ, ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತತೊಡಗಿದರು.

ಮೊದಲ ಪದವೇ ತಪ್ಪಾಯಿತು. ಚೆನ್ನಮಲ್ಲನಿಗೆ ನೋಡುತ್ತ ಕೂರಲಾಗಲಿಲ್ಲ. ಪಕ್ಕಕ್ಕೆ ಸರಿದು ತಿದ್ದಿದ. ಮುಂದಿನ ಪದವನ್ನೂ ತಾನೇ ಓದಿ ಹೇಳಿದ.

ಅಜ್ಜ ತಲೆಯೆತ್ತಲಿಲ್ಲ.

“ಟ್ರಸ್ಟಿನವರಿಗೆ ಹೇಳು. ಆ ಗೆರಿ ಸೊನ್ನಿ ಮುಟ್ಟಬೇಕಂದರ, ಈ ಮುದುಕನ್ನ ದಾಟಿ ಹೋಗಬೇಕು.”