ಹೊಳೆಯ ಹುಳ ಕಲ್ಲಂಗಿ ತೊಟ್ಟದ್ದು

ಲೋಕ ಇನ್ನೂ ಹಸಿಯಾಗಿದ್ದ ಕಾಲ. ಬಂಡೆಗಳಿಗೆ ಪಾಚಿ ಹತ್ತಿರಲಿಲ್ಲ. ಹೊಳೆಗೆ ಮೆಲ್ಲಗೆ ಹರಿಯುವುದು ತಿಳಿದಿರಲಿಲ್ಲ.

ಆ ಹೊಳೆಯ ತಳದಲ್ಲಿ, ದೊಡ್ಡ ಬಂಡೆಯೊಂದರ ಮರೆಯಲ್ಲಿ, ಬರಿಮೈಯ ತಾಯಿಹುಳವೊಂದು ಮರಿಗಳೊಡನೆ ಬಾಳುತ್ತಿತ್ತು. ಅವುಗಳ ಮುಂದೆ ಬಿಳಿಮೀನು ಅಡ್ಡಲಾಗಿ ನಿಲ್ಲುತ್ತಿತ್ತು, ಮುಳುಗಿ ಬರುವ ನೊಣಗಳಿಗಾಗಿ ಬಾಯಿ ತೆರೆದು. ಮೀನು ಸೆಳವನ್ನು ತಡೆಯುತ್ತಿತ್ತು, ಮರಿಗಳು ಉಳಿಯುತ್ತಿದ್ದವು.

ದಡದಲ್ಲಿ ಬೆಸ್ತರ ಚೌಡ ಗಾಳಕ್ಕೆ ಕೋಳಿಗರಿ ಸುತ್ತಿ, ನೊಣದಂತೆ ಮಾಡಿ ಎಸೆಯುತ್ತಿದ್ದ. ಎಸೆದದ್ದೆಲ್ಲ ನೀರಿನ ಮೇಲೆಯೇ ಓಡಿಹೋಗುತ್ತಿತ್ತು.

"ಚೌಡಾ, ನಿನ್ನ ನೊಣ ಹೊಳೆಗೆ ಬಂದಿದೆಯೋ, ನೆಂಟರ ಮನೆಗೆ ಹೊರಟಿದೆಯೋ?" ಎಂದಿತು ಹೊಳೆ.

ಚೌಡ ನಗಲಿಲ್ಲ. ದಡದ ಕಲ್ಲಿಗೆ ಹತ್ತಿ ಬಂದಿದ್ದ ತಾಯಿಹುಳವನ್ನು ಕಂಡು ಕೇಳಿದ: "ತಂಗೀ, ಇಷ್ಟು ಹಗುರವಾದ ನೀನು ತಳಕ್ಕೆ ಹೇಗೆ ಇಳಿಯುತ್ತೀಯೆ?"

"ಯಾಕಣ್ಣಾ?"

"ನನ್ನ ಮಗಳು ಹಸಿದಿದ್ದಾಳೆ. ಈಗ ಅಳುವುದನ್ನೂ ಬಿಟ್ಟಿದ್ದಾಳೆ."

ಹುಳ ಯೋಚಿಸಿತು. ಮೊದಲು ಸಿಕ್ಕ ಮೀನನ್ನು ಹೊಳೆಗೇ ಬಿಡುವುದು ಬೆಸ್ತರ ಕಟ್ಟಳೆ. ಮೊದಲು ಸಿಗುವುದು ಬಿಳಿಮೀನೇ. ಅದು ತಿರುಗಿ ಬರುತ್ತದೆ. ಹಾಗೆಂದು ನಂಬಿ ಹೇಳಿತು:

"ಹೊಟ್ಟೆಗೊಂದು ಮರಳಿನ ಕಾಳನ್ನು ಅಪ್ಪಿಕೊಳ್ಳುತ್ತೇನೆ. ಬಂಡೆಯ ಹತ್ತಿರ ಧುಮುಕುವುದಿಲ್ಲ; ನೀರು ಬರುವ ಕಡೆ, ಬಹಳ ಮೇಲೆಯೇ ಧುಮುಕುತ್ತೇನೆ. ಬಂಡೆ ಬರುವ ಹೊತ್ತಿಗೆ ತಳ ಸಿಕ್ಕಿರುತ್ತದೆ. ನೀನೂ ಹಾಗೇ ಎಸೆ, ಗಾಳದ ನೂಲನ್ನು ಬಿಗಿಹಿಡಿಯಬೇಡ. ಅದು ತಡೆದು ನಿಂತಾಗ ಎಳೆ."

ಚೌಡ ಗರಿಯೊಡನೆ ಹರಳೊಂದನ್ನು ಕಟ್ಟಿ ನೀರು ಬರುವ ಕಡೆಗೆ ಎಸೆದ. ನೂಲು ನೀರಿನೊಡನೆ ಸಾಗಿತು, ಸಾಗಿತು, ತಡೆದು ನಿಂತಿತು. ಎಳೆದ. ಬಿಳಿಮೀನು ದಡಕ್ಕೆ ಬಂತು.

"ಮೊದಲ ಮೀನು, ಅಣ್ಣಾ," ಎಂದಿತು ಹುಳ.

ಚೌಡ ಮೀನನ್ನು ಎದೆಗೊತ್ತಿಕೊಂಡ. "ಎರಡನೆಯದಕ್ಕೆ ಕಾಯುವಷ್ಟು ಉಸಿರು ಅವಳಲ್ಲಿಲ್ಲ, ತಂಗೀ." ತಿರುಗಿ ನೋಡದೆ ನಡೆದುಬಿಟ್ಟ.

ಮಗು ಉಂಡಿತು, ಬದುಕಿತು.

ಬಂಡೆಯ ಮರೆಗೆ ಸೆಳವು ನುಗ್ಗಿತು. ತಾಯಿಹುಳ ಇಳಿದು ನೋಡಿದಾಗ ಉಳಿದದ್ದು ಒಂದೇ ಮರಿ.

"ಹೊಳೆಯವ್ವಾ, ಒಂದು ಗಳಿಗೆ ನಿಲ್ಲು."

"ನಿಲ್ಲುವುದು ನನ್ನ ಕೈಯಲ್ಲಿಲ್ಲ, ಮಗಳೇ," ಎಂದಿತು ಹೊಳೆ. ಅದರ ದನಿಯಲ್ಲಿ ಈಗ ನಗೆಯಿರಲಿಲ್ಲ. "ನನ್ನಲ್ಲಿರುವುದು ಮರಳು. ಬೇಕಾದಷ್ಟು ತೆಗೆದುಕೋ."

ತಾಯಿಹುಳ ಬಾಯಿಂದ ನೂಲು ತೆಗೆಯಿತು. ಕಾಳಿಗೆ ಕಾಳು ಸೇರಿಸಿ, ಹರಳಿಗೆ ಹರಳು ಹೊಲಿದು, ಮರಿಗೊಂದು ಭಾರವಾದ ಅಂಗಿ ತೊಡಿಸಿತು. ಹೋದ ಮರಿಗಳ ಅಳತೆ ಅದಕ್ಕೆ ನೆನಪಿತ್ತು. ಆ ಅಂಗಿಗಳನ್ನು ಹೊಲಿಯಲಿಲ್ಲ.

ಇಂದಿಗೂ ರಭಸದ ನೀರಿನಲ್ಲಿ ಕಲ್ಲೊಂದನ್ನು ಮಗುಚಿ ನೋಡಿದರೆ, ಅದರಡಿಯಲ್ಲಿ ಮರಳಂಗಿ ತೊಟ್ಟ ಪುಟ್ಟ ಹುಳ ಅಂಟಿಕೊಂಡಿರುತ್ತದೆ. ನಮ್ಮ ನೆರಳು ಬಿದ್ದೊಡನೆ ತಲೆಯನ್ನು ಒಳಗೆಳೆದುಕೊಳ್ಳುತ್ತದೆ, ಏನು ಕೇಳಿದರೂ ಉತ್ತರ ಕೊಡುವುದಿಲ್ಲ.